ರವಿವರ್ಮನು ತೈಲವರ್ಣ ಕಲಿತ ಬಗೆ

ರಾಜಾ ರವಿವರ್ಮನ ಹೆಸರನ್ನು ಕೇಳದ ಕನ್ನಡಿಗರು ವಿರಳ. ಆತನು ಬರೆದ ಲಕ್ಷ್ಮಿ ಸರಸ್ವತಿಯರು ಅಚ್ಚಿನ ಪಟಗಳಾಗಿ ನಮ್ಮ ಅಜ್ಜಿಯರ ದೇವರ ಮನೆಗೂ ಅಂಗಡಿಸಾಲಿನ ಗೋಡೆಗೂ ಬಂದು ನೆಲೆಸಿ ನೂರು ವರ್ಷಗಳ ಮೇಲಾಯಿತು. ರಾಜಮಹಾರಾಜರು ಆತನನ್ನು ಕರೆಸಿಕೊಂಡದ್ದು, ದೇಶವಿದೇಶಗಳಲ್ಲಿ ಬಹುಮಾನಗಳು ಬಂದದ್ದು, ಈ ವೈಭವದ ಕಥೆಯನ್ನು ಹೇಳಿದವರು ಅನೇಕರು. ಆ ವೈಭವಕ್ಕೆ ಮುಂಚೆ ಆತನು ಎಂಟು ಹತ್ತು ವರ್ಷ ಒಬ್ಬ ವಿದ್ಯಾರ್ಥಿಯಾಗಿದ್ದನು. ಕೈಯಲ್ಲಿ ಕುಂಚವಿತ್ತು, ಮುಂದೆ ಬಣ್ಣವಿತ್ತು, ಮನಸ್ಸಿನಲ್ಲಿ ಹಂಬಲವಿತ್ತು. ಹೇಳಿಕೊಡುವವರು ಮಾತ್ರ ಇರಲಿಲ್ಲ. ಎಣ್ಣೆಯ ಬಣ್ಣದಿಂದ ಮನುಷ್ಯನ ಮುಖವನ್ನು ಇದ್ದಂತೆ ಬರೆಯುವ ವಿದ್ಯೆ ಅಂಥವನಿಗೆ ಹೇಗೆ ದಕ್ಕಿತು, ಯಾರು ಕೊಟ್ಟರು, ಯಾರು ಕೊಡಲಿಲ್ಲ ಎಂಬುದನ್ನು ವಿಚಾರಿಸುವುದು ಈ ಲೇಖನದ ಉದ್ದೇಶ. ಕಲಿಸುವುದನ್ನೇ ವೃತ್ತಿಯಾಗಿ ಮಾಡಿಕೊಂಡಿರುವ ನಮ್ಮಂಥವರಿಗೆ ಇದರಲ್ಲಿ ಯೋಚಿಸತಕ್ಕ ವಿಷಯವುಂಟು.

ರವಿವರ್ಮನು ಹುಟ್ಟಿದ್ದು ೧೮೪೮ನೆಯ ಏಪ್ರಿಲ್ ೨೯ರಂದು, ತಿರುವಾಂಕೂರು ಸಂಸ್ಥಾನದ ಕಿಳಿಮಾನೂರಿನಲ್ಲಿ. ಅರಮನೆಯ ನಂಟುಳ್ಳ ಮನೆತನ. ಸಂಸ್ಕೃತ, ಸಂಗೀತ, ಕಥಕಳಿಗಳಿಗೆ ಆಶ್ರಯವಾಗಿದ್ದ ಮನೆ. ಸೋದರಮಾವನಾದ ರಾಜರಾಜವರ್ಮನು ತಂಜಾವೂರಿನ ಪದ್ಧತಿಯಲ್ಲಿ ಚಿತ್ರ ಬರೆಯಬಲ್ಲವನು. ಹುಡುಗನು ಇದ್ದಿಲು ಹಿಡಿದು ಮನೆಯ ಗೋಡೆಗಳ ಮೇಲೆಲ್ಲ ಗೀಚುತ್ತಿದ್ದಾಗ ಉಳಿದವರು ಗದರಿದರೂ ಈ ಮಾವನು ಗದರಲಿಲ್ಲ. ಹತ್ತಿರ ಕೂರಿಸಿಕೊಂಡು ಮೊದಲ ಪಾಠಗಳನ್ನು ಹೇಳಿಕೊಟ್ಟನು. ೧೮೬೨ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಹುಡುಗನನ್ನು ತಿರುವನಂತಪುರಕ್ಕೆ ಕರೆದೊಯ್ದು ಆಯಿಲ್ಯಂ ತಿರುನಾಳ್ ಮಹಾರಾಜರ ಸನ್ನಿಧಿಯಲ್ಲಿ ನಿಲ್ಲಿಸಿದವನೂ ಅವನೇ. ಮಹಾರಾಜರು ಕಲಾಪ್ರಿಯರು. ಹುಡುಗನು ಅರಮನೆಯ ಆಶ್ರಯದಲ್ಲಿ ಉಳಿದನು. ಅಲ್ಲಿದ್ದ ಐರೋಪ್ಯ ಚಿತ್ರಗಳನ್ನೂ ಚಿತ್ರಸಂಪುಟಗಳನ್ನೂ ನೋಡುವ ಅವಕಾಶ ಆತನಿಗೆ ದೊರೆಯಿತು. ತೈಲವರ್ಣದ ಮೋಹ ಹತ್ತಿದ್ದು ಅಲ್ಲಿ.

ಈ ಮೋಹ ಎಂಥದೆಂದು ತಿಳಿಯಬೇಕಾದರೆ ಹಳೆಯ ಪದ್ಧತಿಗೂ ಹೊಸ ಪದ್ಧತಿಗೂ ಇದ್ದ ಅಂತರವನ್ನು ನೋಡಬೇಕು. ನಮ್ಮ ಮೈಸೂರಿನ ಚಿತ್ರಗಾರರಾಗಲಿ ತಂಜಾವೂರಿನವರಾಗಲಿ ಹಲಗೆಯ ಮೇಲೆ ಬಟ್ಟೆಯನ್ನೋ ಕಾಗದವನ್ನೋ ಅಂಟಿಸಿ, ಅದರ ಮೇಲೆ ಆಕೃತಿಯನ್ನು ರೇಖಿಸಿ, ಅಂಟಿನಲ್ಲಿ ಕಲಸಿದ ಬಣ್ಣವನ್ನು ತುಂಬಿ, ಒಡವೆ ವಸ್ತ್ರಗಳಿಗೆ ಚಿನ್ನದ ರೇಕನ್ನು ಕೂರಿಸುತ್ತಿದ್ದರು. ಮೈಸೂರಿನವರು ರೇಖೆಗೆ ಹುಣಸೆಯ ಕಡ್ಡಿಯನ್ನು ಸುಟ್ಟು ಮಾಡಿದ ಇದ್ದಿಲನ್ನು ಬಳಸುತ್ತಿದ್ದುದುಂಟು. ಈ ಕಲೆಗೆ ರೇಖೆಯೇ ಪ್ರಾಣ. ತೈಲವರ್ಣದಲ್ಲಿ ಬರೆದ ಮುಖಕ್ಕೆ ಅಂಥ ರೇಖೆಯೇ ಇಲ್ಲ. ಒಂದು ಕಡೆಯಿಂದ ಬೆಳಕು ಬಿದ್ದು, ಮೂಗಿನ ಮಗ್ಗುಲಲ್ಲಿ ನೆರಳಾಗಿ, ಕೆನ್ನೆಯ ಬೆಳಕು ದವಡೆಯ ಕತ್ತಲಿಗೆ ಮೆಲ್ಲಗೆ ಜಾರುತ್ತದೆ. ಎಲ್ಲಿ ಒಂದು ಮುಗಿದು ಇನ್ನೊಂದು ಮೊದಲಾಯಿತೆಂದು ಬೆರಳಿಟ್ಟು ತೋರಿಸಲಾಗದು. ಅಂಟಿನ ಬಣ್ಣವೂ ನೀರಿನ ಬಣ್ಣವೂ ಕ್ಷಣದಲ್ಲಿ ಒಣಗುತ್ತವೆ. ಅಗಸೆ ಎಣ್ಣೆಯಲ್ಲಿ ಅರೆದ ಬಣ್ಣವು ದಿನಗಟ್ಟಲೆ ಹಸಿಯಾಗಿರುವುದರಿಂದ ಒಂದರೊಳಗೊಂದನ್ನು ಬೆರಸಬಹುದು, ತಿದ್ದಬಹುದು, ಒರಸಿ ಮತ್ತೆ ಬರೆಯಬಹುದು. ಎದುರಿಗೆ ಕುಳಿತವರ ಮುಖವನ್ನು ಅವರದೇ ಎನ್ನುವಂತೆ ಬರೆಯಲು ಇದಕ್ಕಿಂತ ಒಗ್ಗುವ ಸಾಧನ ಆ ಕಾಲದ ಚಿತ್ರಗಾರನಿಗೆ ಇರಲಿಲ್ಲ.

ಬಣ್ಣವೇನೋ ದೊರೆಯುತ್ತಿತ್ತು. ಜಾನ್ ರ‍್ಯಾಂಡ್ ಎಂಬ ಅಮೆರಿಕದ ಚಿತ್ರಕಾರನು ೧೮೪೧ರಲ್ಲಿ ಬಣ್ಣ ತುಂಬುವ ತವರದ ಕೊಳವೆಯನ್ನು ಕಂಡುಹಿಡಿದಿದ್ದನು. ಅದಕ್ಕೆ ಮುಂಚೆ ಅರೆದ ಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಕಟ್ಟಿಡುತ್ತಿದ್ದರು. ಅದು ಬೇಗ ಕೆಡುತ್ತಿತ್ತು. ಕೊಳವೆ ಬಂದಮೇಲೆ ಯೂರೋಪಿನ ಬಣ್ಣವು ಹಡಗನ್ನೇರಿ ಮದ್ರಾಸಿಗೆ ಬಂದಿತು, ಮದ್ರಾಸಿನಿಂದ ತಿರುವನಂತಪುರಕ್ಕೂ ಬಂದಿತು. ಆದರೆ ವಸ್ತು ಹಣಕ್ಕೆ ಸಿಕ್ಕುತ್ತದೆ, ವಿಧಾನ ಸಿಕ್ಕುವುದಿಲ್ಲ. ವೀಣೆಯನ್ನು ಕೊಂಡುತಂದ ಮಾತ್ರಕ್ಕೆ ರಾಗ ಬಂದೀತೆ?

ತೈಲವರ್ಣವನ್ನು ಬಲ್ಲವನೊಬ್ಬನು ಅರಮನೆಯಲ್ಲಿಯೇ ಇದ್ದನು. ಆಸ್ಥಾನ ಚಿತ್ರಕಾರನಾದ ರಾಮಸ್ವಾಮಿ ನಾಯ್ಡು. ರವಿವರ್ಮನು ತೈಲವರ್ಣ ಕಲಿಸೆಂದು ಬೇಡಿದಾಗ ಆತನು ಒಪ್ಪಲಿಲ್ಲ. ಹುಡುಗನ ಕೈ ಎಂಥದೆಂಬುದನ್ನು ಆತನು ಕಂಡಿದ್ದನು; ಇಂದು ಶಿಷ್ಯನಾದವನು ನಾಳೆ ತನ್ನ ಸ್ಥಾನಕ್ಕೆ ಸ್ಪರ್ಧಿಯಾದಾನೆಂಬ ಅಂಜಿಕೆ ಹುಟ್ಟಿತು. ಇದನ್ನು ಬರಿಯ ಹೊಟ್ಟೆಕಿಚ್ಚೆಂದು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ನಾಯ್ಡುವಿನ ಕಡೆಯಿಂದಲೂ ಒಂದು ಮಾತುಂಟು. ರವಿವರ್ಮನು ಅರಮನೆಯ ಬಂಧು. ೧೮೬೬ರಲ್ಲಿ ಮಾವೇಲಿಕ್ಕರದ ರಾಜಮನೆತನದ ಕನ್ಯೆಯನ್ನು ಮದುವೆಯಾಗಿ ಆ ಬಾಂಧವ್ಯ ಇನ್ನೂ ಬಲವಾಯಿತು. ನಾಯ್ಡುವಿಗಾದರೋ ಆ ವಿದ್ಯೆಯೇ ಹೊಲ, ಅದೇ ಮನೆ. ಅಕ್ಕಸಾಲಿಗನಾಗಲಿ ವೈದ್ಯನಾಗಲಿ ತನ್ನ ಗುಟ್ಟನ್ನು ಮಗನಿಗಲ್ಲದೆ ಹೇಳದಿದ್ದ ಕಾಲ ಅದು. ಮಹಾಭಾರತದಲ್ಲಿ ಅರಮನೆಯ ಗುರುಗಳು ಬೇಡರ ಹುಡುಗನಾದ ಏಕಲವ್ಯನಿಗೆ ವಿದ್ಯೆ ಹೇಳಲು ಒಲ್ಲೆನೆಂದರು. ಇಲ್ಲಿ ಪಾತ್ರಗಳು ತಿರುಗುಮುರುಗಾಗಿವೆ: ಕೂಲಿಯ ಕಲೆಗಾರನು ಅರಮನೆಯ ಹುಡುಗನಿಗೆ ಒಲ್ಲೆನೆಂದನು. ದೊರೆಯ ಕೃಪೆಯಿದ್ದರೂ ದುಡಿಯುವವನ ಕೈಯೊಳಗಿನ ಗುಟ್ಟನ್ನು ಬಲವಂತದಿಂದ ತೆಗೆಯಲಾಗದೆಂಬುದು ಇದರಿಂದ ವ್ಯಕ್ತವಾಗುತ್ತದೆ.

೧೮೬೮ರಲ್ಲಿ ಥಿಯೋಡೋರ್ ಜೆನ್ಸನ್ ಎಂಬ ಐರೋಪ್ಯ ಚಿತ್ರಕಾರನು ಮಹಾರಾಜರ ಭಾವಚಿತ್ರವನ್ನು ಬರೆಯಲು ತಿರುವನಂತಪುರಕ್ಕೆ ಬಂದನು. ಆಗ ರವಿವರ್ಮನಿಗೆ ಇಪ್ಪತ್ತು ವರ್ಷ. ಜೆನ್ಸನ್ನನೂ ಪಾಠ ಹೇಳಲು ಒಪ್ಪಲಿಲ್ಲ; ಆದರೆ ತಾನು ಕೆಲಸಮಾಡುವಾಗ ನಿಂತು ನೋಡಲು ಅಡ್ಡಿಯಿಲ್ಲವೆಂದನು. ಅಷ್ಟೇ ಸಾಕೆಂದು ರವಿವರ್ಮನು ನೋಡುತ್ತ ನಿಂತನು.

ನೋಡುವುದರಿಂದ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಇಲ್ಲಿ ವಿಂಗಡಿಸಿಕೊಳ್ಳಬೇಕು. ಭಾವಚಿತ್ರ ಬರೆಯುವವನ ಪಕ್ಕದಲ್ಲಿ ನಿಂತವನಿಗೆ ಕೆಲಸದ ಕ್ರಮ ಕಾಣುತ್ತದೆ. ಮೊದಲು ಮುಖದ ಅಳತೆ, ಕಣ್ಣು ಮೂಗು ಬಾಯಿಗಳ ಸ್ಥಾನನಿರ್ಣಯ, ಬಳಿಕ ನೆರಳಿನ ದೊಡ್ಡ ಭಾಗಗಳು, ಅನಂತರ ಬೆಳಕು, ಕಟ್ಟಕಡೆಗೆ ಕಣ್ಣಿನ ಹೊಳಪು, ತುಟಿಯ ತೇವ. ಕುಂಚವನ್ನು ಎಷ್ಟು ಹಿಂದೆ ಹಿಡಿಯುತ್ತಾನೆ, ಎಷ್ಟು ಸಾರಿ ಹೆಜ್ಜೆ ಹಿಂದಿಟ್ಟು ಎದುರಿಗೆ ಕುಳಿತವರನ್ನೂ ಚಿತ್ರವನ್ನೂ ಹೋಲಿಸಿ ನೋಡುತ್ತಾನೆ ಎಂಬುದೂ ಕಾಣುತ್ತದೆ. ಕಾಣದೆ ಉಳಿಯುವುದು ಬಣ್ಣದೊಳಗಿನ ಸಂಗತಿ. ಎಷ್ಟು ಬಣ್ಣಕ್ಕೆ ಎಷ್ಟು ಎಣ್ಣೆ, ಎಷ್ಟು ಟರ್ಪೆಂಟೈನ್? ಬಿಳುಪಿಗೆ ಕಾವಿಯನ್ನೂ ಇಂಗಲೀಕವನ್ನೂ ಯಾವ ಪ್ರಮಾಣದಲ್ಲಿ ಸೇರಿಸಿದರೆ ನಮ್ಮವರ ಮೈಬಣ್ಣ ಬಂದೀತು? ಮೊದಲನೆಯ ಲೇಪ ಎಷ್ಟು ಒಣಗಿದಮೇಲೆ ಎರಡನೆಯದನ್ನು ಹಾಕಬೇಕು?

ಈ ಕಡೆಯ ಪ್ರಶ್ನೆ ಬಹಳ ಮುಖ್ಯವಾದುದು. ಅಗಸೆ ಎಣ್ಣೆ ನೀರಿನಂತೆ ಆವಿಯಾಗಿ ಒಣಗತಕ್ಕದ್ದಲ್ಲ; ಗಾಳಿಯ ಆಮ್ಲಜನಕವನ್ನು ಹೀರಿ ಗಟ್ಟಿಯಾಗತಕ್ಕದ್ದು. ಮಳೆಗಾಲದ ತೇವದಲ್ಲಿ ಅದು ಇನ್ನೂ ನಿಧಾನ. ಆದಕಾರಣ ಕೆಳಗಿನ ಲೇಪಗಳು ತೆಳುವಾಗಿ, ಎಣ್ಣೆ ಕಡಿಮೆಯಾಗಿ ಇರಬೇಕು. ಮೇಲೆ ಹೋದಂತೆಲ್ಲ ಎಣ್ಣೆಯ ಅಂಶ ಹೆಚ್ಚಬೇಕು. ಇದು ತಪ್ಪಿದರೆ ಮೇಲಿನ ಪದರ ಮೊದಲು ಬಿಗಿದು, ಕೆಳಗಿನದು ಆಮೇಲೆ ಕುಗ್ಗಿ, ಚಿತ್ರ ಬಿರುಕು ಬಿಡುತ್ತದೆ. ಆ ಬಿರುಕು ಕಾಣುವ ಹೊತ್ತಿಗೆ ತಿಂಗಳುಗಳೋ ವರ್ಷಗಳೋ ಕಳೆದಿರುತ್ತವೆ. ತಪ್ಪು ಮಾಡಿದ ದಿನವೇ ತಪ್ಪು ತಿಳಿಯದ ವಿದ್ಯೆಯನ್ನು ಒಬ್ಬನೇ ಕಲಿಯುವುದು ಎಷ್ಟು ಕಷ್ಟವೆಂಬುದನ್ನು ಊಹಿಸಿಕೊಳ್ಳಬಹುದು.

ಈ ಕೊರತೆಯನ್ನು ತುಂಬಿದವನ ಹೆಸರು ಆರುಮುಗಂ ಪಿಳ್ಳೆ. ಈತನು ರಾಮಸ್ವಾಮಿ ನಾಯ್ಡುವಿನ ಶಿಷ್ಯ. ಗುರುವಿಗೆ ತಿಳಿಯದಂತೆ ರಾತ್ರಿಯ ಹೊತ್ತು ರವಿವರ್ಮನ ಬಳಿಗೆ ಬಂದು ಬಣ್ಣಗಳ ಮರ್ಮವನ್ನು ತಿಳಿಸಿದನೆಂದು ಚರಿತ್ರಕಾರರು ಬರೆದಿದ್ದಾರೆ. ಗುರುವಿನ ಗುಟ್ಟನ್ನು ಹೊರಗೆಡಹಿದ್ದು ಸರಿಯೆ ಎಂದು ಯಾರಾದರೂ ಕೇಳಬಹುದು, ಪ್ರಶ್ನೆ ನ್ಯಾಯವಾದದ್ದೇ. ಕಲಿಯಬೇಕೆಂದು ಹಸಿದು ಕುಳಿತವನ ಮುಂದೆ ತಿಳಿದದ್ದನ್ನು ಮುಚ್ಚಿಡಲು ಪಿಳ್ಳೆಗೆ ಮನಸ್ಸು ಬರಲಿಲ್ಲ ಎಂಬುದೇ ನನಗೆ ತೋಚುವ ಉತ್ತರ. ಅದರಿಂದ ಆತನಿಗೆ ಪದವಿ ಬರಲಿಲ್ಲ, ಪದಕ ಬರಲಿಲ್ಲ. ರವಿವರ್ಮನನ್ನು ಬಲ್ಲ ಸಾವಿರ ಜನರಲ್ಲಿ ಆರುಮುಗಂ ಪಿಳ್ಳೆಯನ್ನು ಬಲ್ಲವರು ಹತ್ತು ಮಂದಿ ಸಿಕ್ಕುವುದು ಅನುಮಾನ.

ವಿದ್ಯೆ ಬರುವ ದಾರಿಗಳನ್ನು ಸೋಮೇಶ್ವರ ಶತಕದ ಕವಿ ಎಣಿಸಿ ಹೇಳಿದ್ದಾನೆ. ಬಲ್ಲವರಿಂದ ಕಲಿಯುವುದು ಒಂದು, ಶಾಸ್ತ್ರವನ್ನು ಕೇಳುವುದು ಒಂದು, ಮಾಡುವವರನ್ನು ಕಂಡು ತಿಳಿಯುವುದು ಇನ್ನೊಂದು. ರವಿವರ್ಮನಿಗೆ ಮೊದಲ ಎರಡು ದಾರಿಗಳು ಬಹುಮಟ್ಟಿಗೆ ಮುಚ್ಚಿದ್ದುವು. ಮೂರನೆಯದು ತೆರೆದಿತ್ತು. ಆದರೆ ಮೂರನೆಯದೊಂದೇ ಸಾಲದು, ಪಿಳ್ಳೆಯಂಥವನೊಬ್ಬನ ಬಾಯಿಮಾತೂ ಬೇಕು ಎಂಬುದನ್ನು ಈ ಚರಿತ್ರೆ ತೋರಿಸುತ್ತದೆ.

ಹೀಗೆ ಕೂಡಿಸಿಕೊಂಡ ವಿದ್ಯೆಯ ಪರೀಕ್ಷೆ ೧೮೭೦ರಲ್ಲಿ ನಡೆಯಿತು. ಆ ವರ್ಷ ರವಿವರ್ಮನು ಕೊಲ್ಲೂರಿಗೆ ಯಾತ್ರೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಹಿಡಿದು ಭಜಿಸಿದನು. ಮಲೆಯಾಳದವರು ಮೂಕಾಂಬಿಕೆಯನ್ನು ವಿದ್ಯಾಧಿದೇವತೆಯೆಂದು ನಂಬಿ ಮಕ್ಕಳ ಅಕ್ಷರಾಭ್ಯಾಸಕ್ಕೆ ಇಂದಿಗೂ ಬರುತ್ತಾರೆ. ಚಿತ್ರವಿದ್ಯೆಯನ್ನೇ ಜೀವನಮಾರ್ಗವಾಗಿ ಹಿಡಿಯುವ ಮುನ್ನ ಆತನು ಕನ್ನಡನಾಡಿನ ಈ ಕ್ಷೇತ್ರಕ್ಕೆ ಬಂದದ್ದು ನಮಗೆ ಸಂತೋಷದ ಸಂಗತಿ. ಅದೇ ವರ್ಷ ಕಲ್ಲಿಕೋಟೆಯಲ್ಲಿ ಸಬ್ ಜಡ್ಜ್ ಆಗಿದ್ದ ಕಿಳಕ್ಕೆ ಪಾಲಾಟ್ ಕೃಷ್ಣ ಮೆನನ್ನರ ಕುಟುಂಬದ ಭಾವಚಿತ್ರವನ್ನು ಬರೆದುಕೊಟ್ಟನು. ಹಣ ಪಡೆದು ಬರೆದ ಮೊದಲ ಚಿತ್ರ ಅದು. ರಾಜಬಂಧುವೊಬ್ಬನು ಕೂಲಿ ಪಡೆದು ಚಿತ್ರ ಬರೆಯುವುದು ಆ ಕಾಲಕ್ಕೆ ಸಣ್ಣ ಮಾತಲ್ಲ. ೧೮೭೩ರಲ್ಲಿ, ಮುಡಿಗೆ ಮಲ್ಲಿಗೆ ಮುಡಿದುಕೊಳ್ಳುತ್ತಿರುವ ನಾಯರ್ ಸ್ತ್ರೀಯ ಚಿತ್ರಕ್ಕೆ ಮದ್ರಾಸಿನ ಪ್ರದರ್ಶನದಲ್ಲಿ ಗವರ್ನರರ ಚಿನ್ನದ ಪದಕ ದೊರೆಯಿತು. ವಿಯೆನ್ನಾದ ಪ್ರದರ್ಶನದಲ್ಲಿಯೂ ಮನ್ನಣೆ ಬಂದಿತು. ಜೆನ್ಸನ್ನನ ಪಕ್ಕದಲ್ಲಿ ಮೌನವಾಗಿ ನಿಂತು ನೋಡಿದ ದಿನದಿಂದ ಲೆಕ್ಕ ಹಾಕಿದರೆ ಕೇವಲ ಐದು ವರ್ಷ.

ಈ ಕಲಿಕೆಯಲ್ಲಿ ಕುಂದು ಇರಲಿಲ್ಲವೆಂದು ಹೇಳಬಾರದು. ಆನಂದ ಕುಮಾರಸ್ವಾಮಿ, ಸೋದರಿ ನಿವೇದಿತಾ ಮೊದಲಾದವರು ರವಿವರ್ಮನ ಪೌರಾಣಿಕ ಚಿತ್ರಗಳನ್ನು ಕಟುವಾಗಿ ಟೀಕಿಸಿದರು. ಪುರಾಣದ ವ್ಯಕ್ತಿಗಳು ದಿವ್ಯತೆಯಿಲ್ಲದೆ ನಾಟಕದ ಪಾತ್ರಗಳಂತೆ ತೋರುತ್ತಾರೆ, ಭಾರತೀಯ ಕಲೆಯ ಆತ್ಮ ಅವುಗಳಲ್ಲಿಲ್ಲ ಎಂಬುದು ಅವರ ಆಕ್ಷೇಪದ ಸಾರ. ಈ ಟೀಕೆಯಲ್ಲಿ ಸತ್ಯಾಂಶವುಂಟು. ಎದುರಿಗೆ ಕುಳಿತ ಮನುಷ್ಯನನ್ನು ನೋಡಿ ಬರೆಯುವ ವಿದ್ಯೆಯನ್ನು ಆತನು ಕಲಿತನು. ದೇವತೆಗಳು ಯಾರೆದುರಿಗೂ ಬಂದು ಕುಳಿತುಕೊಳ್ಳುವುದಿಲ್ಲವಷ್ಟೆ. ಆದರೆ ಭಾವಚಿತ್ರದ ಮಟ್ಟಿಗೆ ಆತನ ಕೈ ಪಳಗಿದ್ದಿತು. ಪಟ್ಟೆಯ ಸೀರೆಯ ನಯ, ಮುತ್ತಿನ ಕಾಂತಿ, ಕಪ್ಪು ಮೈಯ ಮೇಲೆ ಬೆಳಕು ಬೀಳುವ ಬಗೆ, ಇವನ್ನು ಎಣ್ಣೆಯ ಬಣ್ಣದಲ್ಲಿ ನಮ್ಮವರ ಮುಖಕ್ಕೆ ಹೊಂದಿಸಿದ್ದು ಆತನ ಸಾಧನೆ. ಜೆನ್ಸನ್ ಪಾಠ ಹೇಳಿದ್ದರೂ ಇದನ್ನು ಕಲಿಸುತ್ತಿದ್ದನೋ ಇಲ್ಲವೋ!

ಮೈಸೂರಿಗೂ ಈ ವಿದ್ಯೆಯ ಫಲ ಬಂದಿತು. ೧೮೮೫ರಲ್ಲಿ ಚಾಮರಾಜೇಂದ್ರ ಒಡೆಯರು ರವಿವರ್ಮನನ್ನು ಕರೆಸಿ ರಾಜಮನೆತನದವರ ಭಾವಚಿತ್ರಗಳನ್ನು ಬರೆಸಿದರು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮೈಸೂರು ಅರಮನೆಗಾಗಿ ಒಂಬತ್ತು ಪೌರಾಣಿಕ ಚಿತ್ರಗಳು ಸಿದ್ಧವಾದುವು. ಆತನ ಜೀವಿತದ ಕಡೆಯ ದೊಡ್ಡ ಕಾರ್ಯಗಳಲ್ಲಿ ಅದೊಂದು. ೧೯೦೬ನೆಯ ಅಕ್ಟೋಬರ್ ೨ರಂದು ಆತನು ತೀರಿಕೊಂಡನು. ಜಗನ್ಮೋಹನ ಅರಮನೆಯ ಚಿತ್ರಶಾಲೆಗೆ ಹೋದವರು ಆತನ ಕೃತಿಗಳನ್ನು ಕಾಣಬಹುದು. ಕಂಡವರು ಒಂದು ಸಾರಿ ದೂರದಿಂದಲೂ ಒಂದು ಸಾರಿ ಹತ್ತಿರದಿಂದಲೂ ನೋಡಬೇಕು. ದೂರಕ್ಕೆ ಜೀವಂತ ಮೈಯಾಗಿ ಕಂಡದ್ದು ಹತ್ತಿರಕ್ಕೆ ಬಂದಾಗ ಬರಿಯ ಬಣ್ಣದ ಲೇಪವಾಗುತ್ತದೆ. ಕಲಿಯಬೇಕಾಗಿದ್ದದ್ದು ಇದನ್ನೇ.

ತನಗೆ ದೊರೆಯದಿದ್ದುದನ್ನು ರವಿವರ್ಮನು ತನ್ನವರಿಗೆ ಮುಚ್ಚಿಡಲಿಲ್ಲ. ತಮ್ಮನಾದ ಸಿ. ರಾಜರಾಜವರ್ಮನು ಆತನ ಜೊತೆಯಲ್ಲಿ ದುಡಿದು ತಾನೂ ಒಳ್ಳೆಯ ಚಿತ್ರಕಾರನಾದನು. ತಂಗಿ ಮಂಗಳಾಬಾಯಿಯೂ ಕುಂಚ ಹಿಡಿದು ಅಣ್ಣನ ಭಾವಚಿತ್ರವನ್ನೇ ಬರೆದಳು. ಮಗ ರಾಮವರ್ಮನು ಮುಂಬಯಿಯ ಜೆ. ಜೆ. ಕಲಾಶಾಲೆಗೆ ಸೇರಿ ಕ್ರಮವಾಗಿ ಕಲಿತು, ಮುಂದೆ ಮಾವೇಲಿಕ್ಕರದಲ್ಲಿ ತಂದೆಯ ಹೆಸರಿನ ಚಿತ್ರಶಾಲೆಯೊಂದನ್ನು ತೆರೆದನು. ಒಂದು ತಲೆಮಾರಿನಲ್ಲಿ ಎಷ್ಟು ದೊಡ್ಡ ವ್ಯತ್ಯಾಸವಾಯಿತು ನೋಡಿ! ತಂದೆ ಬಾಗಿಲ ಬಳಿ ನಿಂತು ನೋಡಿದ್ದನ್ನು ಮಗನು ತರಗತಿಯಲ್ಲಿ ಕುಳಿತು ಕೇಳಿದನು. ಮದ್ರಾಸಿನಲ್ಲಿ ೧೮೫೦ರಲ್ಲಿ, ಕಲ್ಕತ್ತೆಯಲ್ಲಿ ೧೮೫೪ರಲ್ಲಿ, ಮುಂಬಯಿಯಲ್ಲಿ ೧೮೫೭ರಲ್ಲಿ ಆರಂಭವಾದ ಕಲಾಶಾಲೆಗಳು, ಆಮೇಲೆ ನಮ್ಮ ಮೈಸೂರಿನ ಚಾಮರಾಜೇಂದ್ರ ತಾಂತ್ರಿಕ ಶಾಲೆ, ಇವು ಮಾಡಿದ ದೊಡ್ಡ ಉಪಕಾರವೆಂದರೆ ಮನೆತನದ ಗುಟ್ಟಾಗಿದ್ದ ಕೈಗಾರಿಕೆಯನ್ನು ಪಾಠಕ್ರಮಕ್ಕೆ ತಂದದ್ದು. ಕಲಿಸುವವನಿಗೆ ಸಂಬಳ ನಿಶ್ಚಯವಾದಾಗ ಶಿಷ್ಯನನ್ನು ಕಂಡು ಅಂಜುವ ಕಾರಣ ಕಡಿಮೆಯಾಗುತ್ತದೆ. ರಾಮಸ್ವಾಮಿ ನಾಯ್ಡುವಿಗೆ ಅಂಥ ನಿಶ್ಚಿಂತೆ ಇದ್ದಿದ್ದರೆ ಆತನೂ ಒಲ್ಲೆನೆನ್ನುತ್ತಿರಲಿಲ್ಲವೇನೋ.

ಆದರೆ ಸಂಬಳವೂ ಪಾಠಕ್ರಮವೂ ಇದ್ದ ಮಾತ್ರಕ್ಕೆ ವಿದ್ಯೆ ಶಿಷ್ಯನಿಗೆ ಸೇರುತ್ತದೆಂದು ಹೇಳಲಾಗುವುದಿಲ್ಲ. ತರಗತಿಯಲ್ಲಿ ನಿಂತೂ ಮುಖ್ಯವಾದುದನ್ನು ಹೇಳದೆ ಉಳಿಸುವವರುಂಟು. ಕಣ್ಣೆದುರಿಗೆ ನಡೆಯುತ್ತಿದ್ದರೂ ನೋಡದ ವಿದ್ಯಾರ್ಥಿಗಳೂ ಉಂಟು. ನೋಡುವ ಕಣ್ಣು ಶಿಷ್ಯನದಾಗಬೇಕು, ತೆರೆದ ಮನಸ್ಸು ಕಲಿಸುವವನದಾಗಬೇಕು. ರವಿವರ್ಮನ ಚಿತ್ರಗಳ ಮೂಲೆಯಲ್ಲಿ ಆತನ ಹೆಸರೊಂದೇ ಇದೆ, ಅದು ಸರಿಯೇ. ಆದರೂ ಅವುಗಳ ಮುಂದೆ ನಿಂತಾಗ ರಾತ್ರಿಯ ಹೊತ್ತು ಬಂದು ಬಣ್ಣ ಕಲಸುವುದನ್ನು ತೋರಿಸಿಹೋದ ಆರುಮುಗಂ ಪಿಳ್ಳೆಯನ್ನೂ ನೆನೆಯುವುದು ಧರ್ಮ.