ಹಸಲ್ ನೃತ್ಯ

ಹಸಲ್: ಡಿಸ್ಕೊ ಸಂಗೀತಕ್ಕೆ ಇಬ್ಬರು ಕೈಹಿಡಿದು ಕುಣಿಯುವ ಜೋಡಿ ನೃತ್ಯ. 1970ರ ದಶಕದ ಆರಂಭದಲ್ಲಿ ನ್ಯೂಯಾರ್ಕ್ ನಗರದ ದಕ್ಷಿಣ ಬ್ರಾಂಕ್ಸ್‌ನ ಪೋರ್ಟೊರಿಕೊ ಮೂಲದ ಹದಿಹರೆಯದವರ ನಡುವೆ ರೂಪುಗೊಂಡಿತು. ಡಿಸ್ಕೊ ಎಂದೊಡನೆ ಬಣ್ಣದ ದೀಪದಡಿ ಬೆರಳೆತ್ತಿ ನಿಂತ ಒಂಟಿ ನಾಯಕ ನೆನಪಾಗುತ್ತಾನೆ. ಆದರೆ ಆ ಕಾಲದ ನ್ಯೂಯಾರ್ಕ್ ಕ್ಲಬ್ಬುಗಳಲ್ಲಿ ನುರಿತವರ ಕಸುಬುಗಾರಿಕೆ ಕಾಣುತ್ತಿದ್ದುದು ಈ ಜೋಡಿ ಕುಣಿತದಲ್ಲಿ.

1960ರಲ್ಲಿ ಚಬ್ಬಿ ಚೆಕರ್ ಹಾಡಿನಿಂದ ಟ್ವಿಸ್ಟ್ ಹರಡಿದ ಮೇಲೆ ಅಮೆರಿಕದ ಹುಡುಗ ಹುಡುಗಿಯರು ಎದುರುಬದುರು ನಿಂತರೂ ಬಿಡಿಬಿಡಿಯಾಗಿಯೇ ಕುಣಿಯುತ್ತಿದ್ದರು. ಪೋರ್ಟೊರಿಕೊದವರ ಮನೆಗಳಲ್ಲಿ ಮಾತ್ರ ಹಿರಿಯರ ಜೋಡಿ ಕುಣಿತವಾದ ಮ್ಯಾಂಬೊ ಇನ್ನೂ ಉಳಿದಿತ್ತು. ಬೆಂಕಿಗೆ ಆಹುತಿಯಾದ ಕಟ್ಟಡಗಳು, ಬೀದಿ ಗ್ಯಾಂಗುಗಳು ತುಂಬಿದ್ದ ಬ್ರಾಂಕ್ಸ್‌ನಲ್ಲಿ ಮಕ್ಕಳು ಮನೆಯೊಳಗಿನ ಪಾರ್ಟಿಗಳಲ್ಲಿ ಆ ಹಳೆಯ ಕೈಹಿಡಿತವನ್ನು ಹೊಸ ರೆಕಾರ್ಡುಗಳಿಗೆ ಹೊಂದಿಸಿಕೊಂಡರು. ಹೀಗೆ ರೂಪುಗೊಂಡ ಹಸಲ್ ಬಳಿಕ ಮ್ಯಾನ್‌ಹಟನ್ನಿನ ಕ್ಲಬ್ಬುಗಳಿಗೆ ಏರಿತು.

ಇದರ ಸೊಗಸೆಲ್ಲ ಲೆಕ್ಕಾಚಾರದಲ್ಲಿದೆ. ಡಿಸ್ಕೊ ಸಂಗೀತದ ಆವರ್ತ ನಾಲ್ಕು ಪೆಟ್ಟಿನದು. ಹಸಲ್‌ನ ಮೂಲ ಹೆಜ್ಜೆ ಮುಗಿಯುವುದು ಮೂರು ಪೆಟ್ಟಿನಲ್ಲಿ. ಆ ಮೂರರೊಳಗೆ ನಾಲ್ಕು ಹೆಜ್ಜೆ ಇಡಬೇಕು, ಮೊದಲನೆಯದು ಪೆಟ್ಟಿಗೆ ತುಸು ಮುಂಚೆ. ನಮ್ಮ ಸಂಗೀತದಲ್ಲಿ ನಾಲ್ಕರ ಚತುರಶ್ರದ ಮೇಲೆ ಮೂರರ ತಿಶ್ರ ನಡೆ ಹೊರಟಂತೆ ಕುಣಿತವೂ ಸಂಗೀತವೂ ಬೇರೆಬೇರೆ ದಾರಿ ಹಿಡಿದು ಹನ್ನೆರಡು ಪೆಟ್ಟುಗಳಾದ ಮೇಲೆ ಮತ್ತೆ ಒಂದೇ ಕಡೆ ಬಂದು ಕೂಡುತ್ತವೆ. ಈ ತಾಳದ ಜಗ್ಗಾಟವೇ ನೋಡುವವರಿಗೆ ವೇಗವಾಗಿ ಕಾಣುತ್ತದೆ. ಮುನ್ನಡೆಸುವವರು ಬಾಯಿ ತೆರೆಯುವುದಿಲ್ಲ. ಅಂಗೈಯ ಒತ್ತು, ಸೆಳೆತಗಳಲ್ಲೇ ಸೂಚನೆ. ಶಾಗ್ಯ, ಹನೂರು, ಕೊಳ್ಳೇಗಾಲದ ಕಡೆ ಬೀಸು ಕಂಸಾಳೆ ನೋಡಿದವರಿಗೆ ಜೊತೆಗಾರನ ಲಯ ನಂಬಿ ಕೈಬೀಸುವುದು ಹೊಸತಲ್ಲ. ಅಲ್ಲಿ ತಾಗುವುದು ಕಂಚಿಗೆ ಕಂಚು, ಇಲ್ಲಿ ಕೈಗೆ ಕೈ.

ವ್ಯಾನ್ ಮಕಾಯ್ ಅವರ ‘ದಿ ಹಸಲ್’ ಹಾಡು 1975ರ ಜುಲೈನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿ, ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. ಹೆಸರು ಊರೆಲ್ಲ ಹರಡಿದ್ದರಿಂದ ಗೊಂದಲವೂ ಹುಟ್ಟಿತು: ಸಾಲಾಗಿ ನಿಂತು ಎಲ್ಲರೂ ಒಂದೇ ಹೆಜ್ಜೆ ಹಾಕುವ ಸುಲಭ ಕುಣಿತಗಳಿಗೂ ಹಸಲ್ ಎಂದೇ ಹೆಸರಾಯಿತು. 1977ರ ‘ಸ್ಯಾಟರ್‌ಡೇ ನೈಟ್ ಫೀವರ್’ ಚಿತ್ರ ಡಿಸ್ಕೊವನ್ನು ಜಗತ್ತಿಗೆ ತಲುಪಿಸಿತು. ಅದರಲ್ಲಿ ಜೋಡಿ ಕುಣಿತದ ಸ್ಪರ್ಧೆ ಇದ್ದರೂ ಜನ ನೆನಪಿಟ್ಟುಕೊಂಡದ್ದು ಜಾನ್ ಟ್ರವೋಲ್ಟಾ ಒಬ್ಬರೇ ಕುಣಿದುದನ್ನು. ಕ್ಯಾಮೆರಾಕ್ಕೆ ಜೋಡಿಗಿಂತ ನಾಯಕನ ಮೇಲೆಯೇ ಒಲವು.

ಡಿಸ್ಕೊ ಚರಿತ್ರೆಯಲ್ಲಿ ಕರ್ನಾಟಕದ ಪಾಲು ಸಣ್ಣದಲ್ಲ. ಬೆಂಗಳೂರಿನಲ್ಲಿ ಹುಟ್ಟಿದ, ಕೊಡವ ಮೂಲದ ಬಿದ್ದು ಅಪ್ಪಯ್ಯ ಇಲ್ಲಿ ಬ್ಯಾಂಡ್ ಕಟ್ಟಿ ಹಾಡುತ್ತಿದ್ದವರು, 1960ರ ದಶಕದಲ್ಲಿ ಇಂಗ್ಲೆಂಡಿಗೆ ಹೋದರು. 1974ರಲ್ಲಿ ಅವರು ನಿರ್ಮಿಸಿ ಕಾರ್ಲ್ ಡಗ್ಲಸ್ ಹಾಡಿದ ‘ಕುಂಗ್ ಫೂ ಫೈಟಿಂಗ್’ ಬ್ರಿಟನ್, ಅಮೆರಿಕ ಎರಡರಲ್ಲೂ ಮೊದಲ ಸ್ಥಾನ ಗಳಿಸಿತು. ‘ಕುರ್ಬಾನಿ’ (1980) ಚಿತ್ರಕ್ಕಾಗಿ ನಾಜಿಯಾ ಹಸನ್ ಹಾಡಿದ ಗೀತೆಯೂ, ಮರುವರ್ಷದ ‘ಡಿಸ್ಕೊ ದೀವಾನೆ’ ಆಲ್ಬಂ ಕೂಡ ಬಿದ್ದು ಅವರದೇ ಕೆಲಸ. ಕನ್ನಡದಲ್ಲಿ ಶಂಕರ್‌ನಾಗ್ ನಿರ್ದೇಶಿಸಿ ನಟಿಸಿದ, ಇಳಯರಾಜಾ ಸಂಗೀತದ ‘ಗೀತಾ’ (1981) ಈ ಲಯವನ್ನು ಮನೆಮಾತಾಗಿಸಿತು. ಹಿಂದಿಯ ‘ಡಿಸ್ಕೊ ಡಾನ್ಸರ್’ (1982) ಮಿಥುನ್ ಚಕ್ರವರ್ತಿಯನ್ನು ವೇದಿಕೆಯ ನಡುವೆ ನಿಲ್ಲಿಸಿತು. ತಾಳ ಬಂತು, ಜೋಡಿ ಬರಲಿಲ್ಲ. ಗಂಡು ಹೆಣ್ಣು ಸಾರ್ವಜನಿಕವಾಗಿ ಕೈಹಿಡಿದು ಕುಣಿಯುವ ಕ್ಲಬ್ಬು ನಮ್ಮಲ್ಲಿ ದೊಡ್ಡ ನಗರಗಳಾಚೆಗೆ ಇರಲಿಲ್ಲ. ಸಿನಿಮಾ ನೋಡಿ ಒಬ್ಬರೇ ಕಲಿಯುವ ವಿದ್ಯೆಯೂ ಹಸಲ್ ಅಲ್ಲ.

ಅತ್ತ ಅಮೆರಿಕದಲ್ಲಿ 1979ರ ಜುಲೈ 12ರಂದು ಷಿಕಾಗೋದ ಕ್ರೀಡಾಂಗಣವೊಂದರಲ್ಲಿ ಡಿಸ್ಕೊ ವಿರೋಧಿಗಳು ಡಿಸ್ಕೊ ರೆಕಾರ್ಡುಗಳ ರಾಶಿಯನ್ನು ಸಿಡಿಸಿದರು. ಅಲ್ಲಿಂದಾಚೆ ಡಿಸ್ಕೊ ಮಾರುಕಟ್ಟೆ ಬೇಗನೆ ಕುಸಿಯಿತು. ಹಸಲ್ ಅದರೊಡನೆ ಅಳಿಯಲಿಲ್ಲ. ನ್ಯೂಯಾರ್ಕಿನ ಹಳಬರು ಅದನ್ನು ಕಲಿಸುತ್ತ ಬಂದರು. ಈಗಲೂ ಸ್ವಿಂಗ್ ಮತ್ತು ಸಾಲ್ಸಾ ಕೂಟಗಳಲ್ಲಿ ಅದಕ್ಕೆ ಸ್ಪರ್ಧೆಗಳಿವೆ; ಮೂರರ ಹೆಜ್ಜೆಗೆ ನಾಲ್ಕು ಪೆಟ್ಟಿನ ಯಾವ ಚುರುಕು ಹಾಡಾದರೂ ಒದಗುವುದರಿಂದ ಕುಣಿಯುವವರು ಹಳೆಯ ರೆಕಾರ್ಡುಗಳಿಗೇ ಜೋತುಬಿದ್ದಿಲ್ಲ.