ರೊಟ್ಟಿಯ ಜಾಗಕ್ಕೆ ಪ್ಯಾಕೆಟ್: ಚಿಕ್ಕೋಡಿ ಸೀಮೆಯ ಆಹಾರ ಪಲ್ಲಟ ಮತ್ತು ಆರೋಗ್ಯ

ಪ್ರಸ್ತಾವನೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳಲ್ಲಿ ಊಟವೆಂದರೆ ಜೋಳದ ರೊಟ್ಟಿ, ಕಾಳುಪಲ್ಲೆ, ಶೇಂಗಾ ಹಿಂಡಿ, ಹಸಿ ತೊಪ್ಪಲು, ಮಜ್ಜಿಗೆ. ಇಂದು ಬಸ್‌ ನಿಲ್ದಾಣ, ಶಾಲೆ, ಕಿರಾಣಿ ಅಂಗಡಿಗಳ ಆಸುಪಾಸಿನಲ್ಲಿ ವಡಾಪಾವ್‌, ಗೋಬಿ ಮಂಚೂರಿ, ಕುರುಕಲು ಪ್ಯಾಕೆಟ್‌, ಬಣ್ಣದ ತಂಪು ಪಾನೀಯಗಳು ಸುಲಭವಾಗಿ ಕೈಗೆ ಸಿಗುತ್ತವೆ. ಇವನ್ನು ಅಪರೂಪಕ್ಕೆ ತಿನ್ನುವುದು ಬೇರೆ, ಇವನ್ನೇ ಊಟವಾಗಿಸಿಕೊಳ್ಳುವುದು ಬೇರೆ. ಎರಡನೆಯದರ ಹಾನಿ ಅಳೆಯಲು ಎಣ್ಣೆ, ಉಪ್ಪು, ಸಕ್ಕರೆಯ ಲೆಕ್ಕವಷ್ಟೇ ಸಾಲದು. ತಟ್ಟೆಯಿಂದ ಏನು ಮಾಯವಾಯಿತು ಎಂಬುದನ್ನೂ ನೋಡಬೇಕು ಎಂಬುದು ಈ ಲೇಖನದ ವಾದ.

ಹೆಚ್ಚಾದದ್ದು

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಕೆವಿನ್‌ ಹಾಲ್‌ ತಂಡ ನಡೆಸಿದ ಪ್ರಯೋಗ 2019ರಲ್ಲಿ ಪ್ರಕಟವಾಯಿತು. 20 ಜನರಿಗೆ ಎರಡು ವಾರ ಅತಿಸಂಸ್ಕರಿತ (ಕಾರ್ಖಾನೆಯಲ್ಲಿ ಸಿದ್ಧವಾದ ಪ್ಯಾಕೆಟ್‌ ತಿನಿಸಿನಂಥ) ಆಹಾರ, ಇನ್ನೆರಡು ವಾರ ಸಂಸ್ಕರಿಸದ ಆಹಾರ ಬಡಿಸಿ, ಬೇಕಾದಷ್ಟು ಉಣ್ಣಲು ಬಿಡಲಾಯಿತು. ಬಡಿಸಿದ ಕ್ಯಾಲರಿ, ಸಕ್ಕರೆ, ಕೊಬ್ಬು, ನಾರು, ಉಪ್ಪು ಎರಡರಲ್ಲೂ ಸರಿಸಮವಾಗಿದ್ದವು. ಆದರೂ ಅತಿಸಂಸ್ಕರಿತ ಆಹಾರದ ಅವಧಿಯಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲರಿ ಹೆಚ್ಚು ತಿಂದರು; ತೂಕ ಸರಾಸರಿ 0.9 ಕಿಲೋ ಏರಿತು. ಇನ್ನೊಂದು ಅವಧಿಯಲ್ಲಿ ಅಷ್ಟೇ ಇಳಿಯಿತು. ಇಂಥ ತಿನಿಸು ಮೆತ್ತಗಿರುವುದರಿಂದ ಬೇಗ ಒಳಗಿಳಿಯುತ್ತದೆ. ಹೊಟ್ಟೆ ತುಂಬಿದ ಅರಿವು ತಡವಾಗಿ ಬರುತ್ತದೆ. ಹೀಗೆ ಕೂಡುವ ಬೊಜ್ಜು ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳಿಗೆ ದಾರಿ ಮಾಡುತ್ತದೆ.

ಕಳೆದುಹೋದದ್ದು

ತೂಕ ಏರದಿದ್ದರೂ ಅಪಾಯ ತಪ್ಪಿದ್ದಲ್ಲ. ಇಂಗ್ಲೆಂಡಿನ ಬ್ರಿಸ್ಟಲ್‌ ವೈದ್ಯರು 2019ರಲ್ಲಿ ವರದಿ ಮಾಡಿದ ಹುಡುಗನೊಬ್ಬ ಪ್ರಾಥಮಿಕ ಶಾಲೆಯ ದಿನಗಳಿಂದ ಆಲೂ ಚಿಪ್ಸ್‌, ಬಿಳಿ ಬ್ರೆಡ್‌, ಸಂಸ್ಕರಿತ ಮಾಂಸದ ಮೇಲೆಯೇ ಬದುಕಿದ್ದ. ಅವನ ಎತ್ತರ, ತೂಕ ಸಹಜವಾಗಿದ್ದವು. ಬಿ12 ಜೀವಸತ್ವದ ಕೊರತೆ ಮೊದಲಾದ ಕಾರಣಗಳಿಂದ ದೃಷ್ಟಿನರಕ್ಕೆ ಪೆಟ್ಟು ಬಿದ್ದು, 17ರ ವಯಸ್ಸಿಗೆ ಅವನ ದೃಷ್ಟಿ ಮರಳಿ ಬಾರದಂತೆ ಕುಂದಿತ್ತು.

ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಕೋಷ್ಟಕದಂತೆ, 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರು, 4 ಮಿಲಿಗ್ರಾಂ ಕಬ್ಬಿಣವಿದೆ. ಪಾವ್‌ಗೆ ಬಳಸುವ ಮೈದಾದಲ್ಲಿ ನಾರು 3 ಗ್ರಾಂ ಮುಟ್ಟುವುದಿಲ್ಲ, ಕಬ್ಬಿಣ ಅರ್ಧಕ್ಕೂ ಕಡಿಮೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಕಂಡಿದೆ. ಇದಕ್ಕೆ ಪ್ಯಾಕೆಟ್‌ ತಿನಿಸೊಂದೇ ಕಾರಣವೆನ್ನಲಾಗದು. ಆದರೆ ರಕ್ತ ಕಡಿಮೆಯಿರುವ ಮಗುವಿನಿಂದ ರೊಟ್ಟಿ, ಕಾಳು, ತೊಪ್ಪಲು ಕಸಿದರೆ ಕೊರತೆ ಇನ್ನಷ್ಟು ಆಳವಾಗುತ್ತದೆ.

ಸಮಾರೋಪ

ಇದರ ಹೊಣೆಯನ್ನು ತಾಯಂದಿರ ಮೇಲೆ ಹೊರಿಸುವುದು ಅನ್ಯಾಯ. ದಿನವಿಡೀ ಬೀಡಿ ಕಟ್ಟುವ ನಿಪ್ಪಾಣಿಯ ಹೆಣ್ಣುಮಗಳಿಗೆ, ಕಬ್ಬಿನ ಗದ್ದೆಯಲ್ಲಿ ದುಡಿದು ಬಂದವಳಿಗೆ, ಹಿಟ್ಟು ನಾದಿ ರೊಟ್ಟಿ ಬಡಿಯುವ ಬಿಡುವಾಗಲಿ ತ್ರಾಣವಾಗಲಿ ಉಳಿದಿರುವುದಿಲ್ಲ. ಆದ್ದರಿಂದ ಪರಿಹಾರ ಸಾರ್ವಜನಿಕವಾಗಿರಬೇಕು. ಶಾಲೆಯ ಆವರಣದಲ್ಲೂ ಅದರ 50 ಮೀಟರ್‌ ಸುತ್ತಲೂ ಕೊಬ್ಬು, ಉಪ್ಪು, ಸಕ್ಕರೆ ಹೆಚ್ಚಿರುವ ತಿನಿಸು ಮಾರಬಾರದೆಂಬ 2020ರ ಆಹಾರ ಸುರಕ್ಷತಾ ನಿಯಮವನ್ನು ಪಂಚಾಯಿತಿ, ಪುರಸಭೆಗಳು ಜಾರಿಗೆ ತರಲಿ. ಈ ಐದೂ ತಾಲ್ಲೂಕುಗಳ ಅಕ್ಷರ ದಾಸೋಹದ ಬಿಸಿಯೂಟದಲ್ಲಿ ಜೋಳದ ರೊಟ್ಟಿ, ಕಾಳುಪಲ್ಲೆಗೆ ಕಾಯಂ ಜಾಗ ಸಿಗಲಿ. ಮಹಿಳಾ ಸಂಘಗಳು ಬಡಿದ ರೊಟ್ಟಿಯನ್ನೇ ಶಾಲೆಗಳು ಕೊಂಡರೆ ಮಕ್ಕಳಿಗೆ ಅನ್ನ, ಹೆಣ್ಣುಮಕ್ಕಳಿಗೆ ದುಡಿಮೆ ಎರಡೂ ಸಿಗುತ್ತವೆ.