ಗಿಂಡಿಯ ನೀರು, ಮೂಗಿನ ದಾರಿ

ಮಳೆಗಾಲ ಬಂತೆಂದರೆ ಮುಂಬಯಿಯ ನಮ್ಮ ಮನೆಗಳಲ್ಲಿ ಮೂಗು ಕಟ್ಟಿ ಹಣೆ ಭಾರವಾಗುವುದು ಇದ್ದದ್ದೇ. ಉಪ್ಪುನೀರಿನ ಜಲನೇತಿ ಮಾಡಿ, ಋಷಿಗಳ ಕಾಲದ್ದು ಎನ್ನುತ್ತೇವೆ. ಆದರೆ 15ನೆಯ ಶತಮಾನದ 'ಹಠಯೋಗ ಪ್ರದೀಪಿಕೆ'ಯ ನೇತಿ ದಾರದ್ದು; ಮೂಗಿಗೆ ತೂರಿಸಿ ಬಾಯಿಂದ ಎಳೆಯುವಂಥದು! ಮೂಗಿನಿಂದ ನೀರೆಳೆದು ಬಾಯಿಂದ ಬಿಡುವುದನ್ನು 'ಘೇರಂಡ ಸಂಹಿತೆ' ಕಪಾಲಭಾತಿಗೆ ಸೇರಿಸುತ್ತದೆ. ಉಪ್ಪಿನ ಮಾತು ಅಲ್ಲಿಲ್ಲ.

ಸಾಧಕರ ಇಂಥ ಕ್ರಿಯೆಗಳನ್ನು ಸಂಸಾರಸ್ಥರಿಗೆ ಕಲಿಸಿದ್ದರಲ್ಲಿ ಈ ನಗರದ ಪಾಲು ದೊಡ್ಡದು. ಶ್ರೀ ಯೋಗೇಂದ್ರರು 1918ರಲ್ಲಿ ವರ್ಸೋವಾದ ದಾದಾಭಾಯಿ ನವರೋಜಿಯವರ ಮನೆಯಲ್ಲಿ ಯೋಗ ಸಂಸ್ಥೆಯನ್ನು ತೆರೆದರು. ಈಗ ಅದು ಸಾಂತಾಕ್ರೂಜಿನಲ್ಲಿದೆ. 1924ರಲ್ಲಿ ಸ್ವಾಮಿ ಕುವಲಯಾನಂದರು ಲೋನಾವಳದಲ್ಲಿ ಕೈವಲ್ಯಧಾಮ ಸ್ಥಾಪಿಸಿ, ಯೋಗವನ್ನು ಪ್ರಯೋಗಶಾಲೆಯಲ್ಲಿ ಒರೆಗೆ ಹಚ್ಚಿದರು.

ಲೀಟರಿಗೆ 9 ಗ್ರಾಂ ಉಪ್ಪು ಹಾಕಿದರೆ ನೀರು ರಕ್ತದ ಲವಣಕ್ಕೆ ಸಮನಾಗಿ ಮೂಗು ಉರಿಯದು, ಕಫ ಸಡಿಲಾಗುತ್ತದೆ. ಜ್ವರ ಬಂದರೆ ಮಾತ್ರ ಡಾಕ್ಟರರೇ ಬೇಕು. ನಾವು ಉಪ್ಪನ್ನು ಅಳೆದಷ್ಟು ನೀರನ್ನು ನೋಡುವುದಿಲ್ಲ. 2011ರಲ್ಲಿ ಅಮೆರಿಕದ ಲೂಸಿಯಾನಾದಲ್ಲಿ ನಲ್ಲಿನೀರಿನಿಂದಲೇ ನೇತಿ ಮಾಡಿದ ಇಬ್ಬರು, ಮಿದುಳಿಗೆ ಅಮೀಬಾ ಹೊಕ್ಕು ತೀರಿಕೊಂಡರು. ಕುಡಿದರೆ ಏನೂ ಮಾಡದ ಈ ಜೀವಿಗೆ ಮೂಗೇ ದಾರಿ. ಇದು ತೀರ ಅಪರೂಪ, ನಿಜ. ಆದರೂ ಕಟ್ಟಡದ ಟಾಂಕಿಯಿಂದ ಇಳಿದ ನೀರನ್ನು ಚೆನ್ನಾಗಿ ಕುದಿಸಿ, ಉಗುರುಬೆಚ್ಚಗೆ ಆರಿಸಿಯೇ ಗಿಂಡಿಗೆ ಹೊಯ್ಯೋಣ.